ಎಳ್ಳು ಹಚ್ಚಿದ ಮೈ, ಹೊಳೆಯ ನೀರು

ಕಾಫಿ ತೋಟ ಸುತ್ತಿಸಿ, ಆಮೇಲೆ ಕಾಫಿಪುಡಿಯಿಂದಲೇ ಮೈ ಉಜ್ಜಿಸುವ ರೆಸಾರ್ಟುಗಳು ಮಲೆನಾಡಿನಲ್ಲಿವೆ. ಹಿತವಾದದ್ದೇ. ಆದರೆ ಕೊಪ್ಪಳ ಸೀಮೆಗೆ ಅದೇನು ಹೊಸದಲ್ಲ. ನಮ್ಮಲ್ಲಿ ಕಾಫಿಯ ಜಾಗದಲ್ಲಿ ಎಳ್ಳಿದೆ.

ಸಂಕ್ರಾಂತಿಗೆ ಎಳ್ಳನ್ನು ಅರಿಷಿಣದ ಜೊತೆ ಅರೆದು, ಕೈಕಾಲು ಬೆನ್ನಿಗೆಲ್ಲ ತಿಕ್ಕಿಕೊಂಡು, ಆನೆಗೊಂದಿಯಲ್ಲೋ ಹುಲಿಗಿಯಲ್ಲೋ ತುಂಗಭದ್ರೆಗೆ ಇಳಿಯುತ್ತಾರೆ. ಎಳ್ಳಿನ ತರಿ ಒಣಚರ್ಮವನ್ನು ಕಿತ್ತು ತೆಗೆಯುತ್ತದೆ. ಹಿಂದೆಯೇ ಅದರ ಎಣ್ಣೆ ಚಳಿಗೆ ಬಿರಿದ ಹಿಮ್ಮಡಿಯನ್ನೂ ಮೆತ್ತಗಾಗಿಸುತ್ತದೆ. ಒಂದೇ ಕಾಳು, ಎರಡು ಕೆಲಸ! ಅವ್ವ ತಿಕ್ಕಿದರೆ ಮಾತ್ರ ಚೂರು ಉರಿ.

ಮಿಂದ ಮೇಲೆ ಬುತ್ತಿ ಬಿಚ್ಚಬೇಕು: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಕುಷ್ಟಗಿ, ಯಲಬುರ್ಗಾದ ಒಣಭೂಮಿಯವರಿಗೆ ಗಂಗಾವತಿಯ ಹಸಿರು ಗದ್ದೆ ನೋಡುತ್ತ ಉಣ್ಣುವುದೇ ಇನ್ನೊಂದು ಹಬ್ಬ.