ಕೋಲು ಗಾಳಿಗೆ ಬಿದ್ದರೆ

ಎರಡರ ಮಗ್ಗಿಗೆ ಸಿನಿಮಾ ಹಾಡಿನ ಮಟ್ಟು ಹಾಕಿ, ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕುಣಿಸಿದರೆ ಶಾಲಾ ವಾರ್ಷಿಕೋತ್ಸವದಲ್ಲಿ ಚಪ್ಪಾಳೆ ಗ್ಯಾರಂಟಿ. ಗಣಿತ ಮಾತ್ರ ಅಲ್ಲಿರುವುದಿಲ್ಲ. ಮಗು ‘ಎರಡೇಳ್ಲ ಹದಿನೈದು’ ಎಂದು ಹಾಡಿದರೂ ಆ ಕುಣಿತ ಕೆಡುವುದಿಲ್ಲವಲ್ಲ! ಕುಣಿಸಿ ಲೆಕ್ಕ ಕಲಿಸುತ್ತೇವೆ ಎನ್ನುವವರನ್ನು ನಾನು ಒರೆಗೆ ಹಚ್ಚುವುದು ಇಷ್ಟರಲ್ಲೇ: ಲೆಕ್ಕ ತಪ್ಪಿದಾಗ ಹೆಜ್ಜೆಯೂ ತಪ್ಪುತ್ತದೆಯೇ?

ಕೋಲಾಟದಲ್ಲಿ ತಪ್ಪುತ್ತದೆ. ಎಣಿಕೆ ಜಾರಿದವನ ಕೋಲು ಎದುರಿನ ಕೋಲಿಗೆ ತಾಗದೆ ಗಾಳಿಗೆ ಬೀಳುತ್ತದೆ. ಇಲ್ಲವೇ ಪಕ್ಕದವನ ಬೆರಳಿಗೆ. ಮೇಷ್ಟ್ರು ಕೆಂಪು ಶಾಯಿ ಹಿಡಿಯುವ ಮೊದಲೇ ತಪ್ಪು ಹುಡುಗನಿಗೆ ಗೊತ್ತಾಗಿರುತ್ತದೆ.

ಚನ್ನರಾಯಪಟ್ಟಣದ ಕಡೆಯ ಊರುಗಳಿಗೆ ಕೋಲು ಹೊಸದೇನಲ್ಲ (ಹಾಸನ ಜಿಲ್ಲೆಯದಲ್ಲ, ದೇವನಹಳ್ಳಿ ತಾಲ್ಲೂಕಿನ ಹೋಬಳಿಯ ಮಾತು ಹೇಳುತ್ತಿದ್ದೇನೆ). ಶಾಲೆಯ ಅಂಗಳದಲ್ಲಿ ಎಂಟು ಮಕ್ಕಳು ಒಳಸುತ್ತಿನಲ್ಲಿ ನಿಂತಿರಲಿ, ಎಂಟು ಮಕ್ಕಳು ಹೊರಸುತ್ತಿನಲ್ಲಿ ಸರಿಯಲಿ. ಪದದ ಒಂದೊಂದು ಸಾಲು ಮುಗಿದಾಗಲೂ ಹೊರಗಿನವರು ಒಂದು ಜಾಗ ಮುಂದಕ್ಕೆ ಹೋದರೆ ಎಲ್ಲರಿಗೂ ಎಲ್ಲರೂ ಜೊತೆ ಸಿಗುತ್ತಾರೆ. ಈಗ ಎರಡೆರಡು ಜಾಗ ಹಾರಿಸಿ. ನಾಲ್ಕೇ ಜನರ ಜೊತೆ ಕೋಲು ಹಾಕಿ ಮೊದಲ ಜೊತೆಗಾರನ ಎದುರಿಗೇ ಬಂದು ನಿಲ್ಲುತ್ತಾರೆ. ಉಳಿದ ನಾಲ್ವರು ಎಷ್ಟು ಸುತ್ತಿದರೂ ಸಿಗುವುದಿಲ್ಲ. ನಾಲ್ಕು ಜಾಗ ಹಾರಿದರೆ ಇಬ್ಬರೇ. ಮೂರು ಹಾರಿದರೆ ಮತ್ತೆ ಎಂಟೂ ಜನ! ಯಾಕೆ ಸಾರ್ ಎಂದು ಮಕ್ಕಳೇ ಕೇಳುವವರೆಗೆ ಮೇಷ್ಟ್ರು ಬಾಯಿ ಬಿಡಬಾರದು. ಮ.ಸಾ.ಅ. (ಮಹತ್ತಮ ಸಾಮಾನ್ಯ ಅಪವರ್ತನ) ಎಂಬ ಮೂರಕ್ಷರ ಆಮೇಲೆ ಬರಲಿ. ಎಂಟಕ್ಕೂ ಹಾರಿದ ಜಾಗಗಳ ಸಂಖ್ಯೆಗೂ ಇರುವ ಮ.ಸಾ.ಅ.ದಿಂದ ಎಂಟನ್ನು ಭಾಗಿಸಿದರೆ ಎಷ್ಟು ಜೊತೆಗಾರರು ಸಿಗುತ್ತಾರೆಂಬುದನ್ನು ಕುಣಿಯುವ ಮೊದಲೇ ಹೇಳಬಹುದು. ಏಳು ಜೋಡಿ ನಿಲ್ಲಿಸಿದರೆ, ಒಂದರಿಂದ ಆರರವರೆಗೆ ಯಾವ ಹಾರಿಕೆಗೂ ಯಾರೂ ತಪ್ಪಿಹೋಗುವುದಿಲ್ಲ. ಅವಿಭಾಜ್ಯ ಸಂಖ್ಯೆಯ ಗುಣವೇ ಅದು. ಅಂದಹಾಗೆ, ಈ ಹೋಬಳಿ ನಾಡಿಗೆಲ್ಲ ಪರಿಚಯವಾದದ್ದು ಸರ್ಕಾರ ಸ್ವಾಧೀನಕ್ಕೆ ಹೊರಟಿದ್ದ 1,777 ಎಕರೆ ಜಮೀನಿನ ಲೆಕ್ಕದಿಂದ. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನ ಕೈಬಿಟ್ಟಿತು. 1,777 ಕೂಡ ಅವಿಭಾಜ್ಯವೇ. ಅಷ್ಟು ಜೋಡಿ ಕೋಲಿಗೆ ನಿಂತರೆ, ಹೇಗೆ ಹಾರಿದರೂ ಯಾರೂ ಬಿಟ್ಟುಹೋಗರು.

ನಮ್ಮಲ್ಲಿ ಆಡುತ್ತ ಕಲಿಯುವ ‘ನಲಿ-ಕಲಿ’ ಶುರುವಾಗಿದ್ದು 1995ರಲ್ಲಿ, ಹೆಗ್ಗಡದೇವನಕೋಟೆಯಲ್ಲಿ. ಬೆಂಚು ಸರಿಸಿ ಮಕ್ಕಳನ್ನು ನೆಲಕ್ಕಿಳಿಸಿದ್ದು ದೊಡ್ಡ ಕೆಲಸ. ಆದರೆ ಹಾಡು ಕುಣಿತ ಒಂದನೆಯ, ಎರಡನೆಯ ತರಗತಿಯ ಚಿಣ್ಣರಿಗೆ, ಅಪವರ್ತನ ಬಂದಮೇಲೆ ಕರಿಹಲಗೆಯೇ ಗತಿ ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಗಟ್ಟಿ. ನನಗದು ಸರಿಕಾಣುವುದಿಲ್ಲ. ರೊಮೇನಿಯಾದ ಸಪಿಯೆಂತಿಯಾ ವಿಶ್ವವಿದ್ಯಾಲಯದವರು 2011ರಲ್ಲಿ, ಸಂಖ್ಯೆಗಳನ್ನು ಏರಿಕೆಯ ಕ್ರಮಕ್ಕೆ ತರುವ ಕಂಪ್ಯೂಟರ್ ವಿಧಾನಗಳನ್ನು ಜನಪದ ಕುಣಿತದಲ್ಲಿ ಆಡಿಸಿ ತೋರಿಸಿದರು. ಎದೆಯ ಮೇಲೆ ಅಂಕಿ ಧರಿಸಿದ ಕುಣಿತಗಾರರು ಹೆಜ್ಜೆ ಹಾಕುತ್ತಲೇ ಜಾಗ ಬದಲಿಸಿಕೊಂಡರು. ಅದು ಕಾಲೇಜು ಹುಡುಗರ ಪಾಠ.

ಲೆಕ್ಕ ತಪ್ಪಿದರೆ ಹೆಜ್ಜೆ ತಪ್ಪುವ ಕಷ್ಟಸುಖ ಭರತನಾಟ್ಯ ಕಲಿಯುವ ಮಗುವಿಗೂ ಗೊತ್ತು. ಆದಿತಾಳದ ಎಂಟು ಅಕ್ಷರ, ಒಂದೊಂದಕ್ಕೆ ನಾಲ್ಕು ಮಾತ್ರೆಯಂತೆ ಮೂವತ್ತೆರಡು. ಒಂದು ಸೊಲ್ಲುಕಟ್ಟನ್ನು (ಹೆಜ್ಜೆಗೆ ಹೇಳುವ ಸೊಲ್ಲುಗಳ ಗುಂಪು) ಮೂರು ಸಲ ಹೇಳಿ, ನಡುವಿನ ಎರಡು ಕಡೆ ಸಮನಾದ ಕಾರ್ವೆ (ಬಿಡುವು) ಬಿಟ್ಟು, ಮೂವತ್ತೆರಡಕ್ಕೆ ಸರಿಯಾಗಿ ಮುಗಿಸಬೇಕು. ಸೊಲ್ಲು ಹತ್ತು ಮಾತ್ರೆಯದಾದರೆ ಕಾರ್ವೆ ಒಂದು, ಎಂಟಾದರೆ ನಾಲ್ಕು, ಆರಾದರೆ ಏಳು. ಒಂಬತ್ತು ಹಿಡಿದರೆ ಐದು ಉಳಿದು, ಎರಡು ಪಾಲು ಮಾಡಲಾಗದೆ ಕಾಲು ತಡವರಿಸುತ್ತದೆ. ಬೀಜಗಣಿತದ ಸಮೀಕರಣವನ್ನು ಗೆಜ್ಜೆ ಕಟ್ಟಿಕೊಂಡೇ ಬಿಡಿಸುವ ಈ ಮಕ್ಕಳು ಪರೀಕ್ಷೆಯಲ್ಲಿ ‘ಎಕ್ಸ್’ ಕಂಡರೆ ಬೆದರುತ್ತಾರೆ. ನಾಟ್ಯದ ಟೀಚರೂ ಗಣಿತದ ಮೇಷ್ಟ್ರೂ ಒಂದು ಸಂಜೆ ಕೂತು ಮಾತಾಡಿದರೆ ಅರ್ಧ ಭಯ ಇಳಿದೀತು.

ಇನ್ನು ಜಡೆಕೋಲಾಟ. ಮೇಲಿನಿಂದ ಇಳಿಬಿಟ್ಟ ಹಗ್ಗಗಳನ್ನು ಹಿಡಿದು ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ, ಒಬ್ಬರನ್ನೊಬ್ಬರು ಒಳಗೆ ಹೊರಗೆ ದಾಟುತ್ತ ಜಡೆ ಹೆಣೆಯುತ್ತಾರೆ. ಹೆಣೆಯುವುದು ಸುಲಭ, ಬಿಚ್ಚುವುದರಲ್ಲಿದೆ ಪಾಠ. ಕೊನೆಯಲ್ಲಿ ದಾಟಿದ್ದನ್ನು ಮೊದಲು ಬಿಡಿಸಬೇಕು, ಹೆಜ್ಜೆಗಳು ಹಿಂದುಮುಂದಾಗಬೇಕು. ಒಬ್ಬ ಹುಡುಗಿ ಒಂದು ದಾಟು ಮರೆತಳೋ, ಜಡೆ ಅಲ್ಲೇ ಗಂಟು. ಆ ಗಂಟು ಯಾವ ಹೆಜ್ಜೆಯಲ್ಲಿ ಬಿತ್ತೆಂದು ತಂಡವೆಲ್ಲ ಹಿಂದಕ್ಕೆ ಎಣಿಸುವಾಗ ಅವಸರಿಸಿ ಹಗ್ಗ ಕಿತ್ತುಕೊಳ್ಳಬೇಡಿ. ಜಡೆಗೆ ಸಮಸಂಖ್ಯೆಯ ಮಕ್ಕಳು ಬೇಕು. ತರಗತಿಯಲ್ಲಿ ಬೆಸ ಬಂದರೆ ಮೇಷ್ಟ್ರೇ ಒಂದು ಹಗ್ಗ ಹಿಡಿಯಬೇಕಾಗುತ್ತದೆ.