ಸ್ಟೈರೀನ್: ಅನಿಲವಲ್ಲ, ಆವಿ

2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯಿಂದ ಸ್ಟೈರೀನ್ ಹೊರಬಿದ್ದು 12 ಮಂದಿ ತೀರಿಕೊಂಡರು. ಕನ್ನಡ ಪತ್ರಿಕೆಗಳು ಅದನ್ನು ‘ವಿಷಾನಿಲ ಸೋರಿಕೆ’ ಎಂದು ಬರೆದವು. ಓದುಗರಿಗೆ ಥಟ್ಟನೆ ತಿಳಿಯುವ ಪದ ನಿಜ. ಆದರೆ ಅಲ್ಲಿ ಏನಾಯಿತು ಎಂಬುದನ್ನೇ ಅದು ಮರೆಮಾಡುತ್ತದೆ.

ಹೊರಬಿದ್ದ ವಸ್ತುವಿನ ಹೆಸರಿನಿಂದಲೇ ಶುರುಮಾಡೋಣ. ಸ್ಟೈರೀನ್ ಎಂಬ ಹೆಸರಿನ ಬೇರು ಧೂಪದಲ್ಲಿದೆ. ಪರಿಮಳದ ಮರದಂಟೊಂದನ್ನು ಗ್ರೀಕರು ‘ಸ್ಟೈರಾಕ್ಸ್’ ಎನ್ನುತ್ತಿದ್ದರು. 1839ರಲ್ಲಿ ಬರ್ಲಿನ್ನಿನ ಔಷಧ ತಯಾರಕ ಎಡ್ವರ್ಡ್ ಸೈಮನ್ ಅಂಥದೇ ಅಂಟನ್ನು ಬಟ್ಟಿ ಇಳಿಸಿ, ಸಿಕ್ಕ ಎಣ್ಣೆಯಂಥ ದ್ರವವನ್ನು ‘ಸ್ಟೈರೋಲ್’ ಎಂದು ಕರೆದ. ನೀರೆರೆದ ಕೂಸಿಗೆ ನಮ್ಮ ಮನೆಗಳಲ್ಲಿ ಹಾಕುವ ಸಾಂಬ್ರಾಣಿಯೂ ಸ್ಟೈರಾಕ್ಸ್ ಕುಲದ ಮರದ್ದೇ. ಅದನ್ನು ಅರಬ್ಬರು ‘ಲುಬಾನ್ ಜಾವಿ’ ಎಂದರು. ಯುರೋಪಿನವರ ಬಾಯಲ್ಲಿ ಅದು ‘ಬೆಂಜೊಯಿನ್’ ಆಗಿ, ಮುಂದೆ ‘ಬೆಂಜೀನ್’ಗೆ ಹೆಸರು ಕೊಟ್ಟಿತು. ಸ್ಟೈರೀನ್ ಅಣುವಿನಲ್ಲಿರುವುದು ಇದೇ ಬೆಂಜೀನ್ ಉಂಗುರ. ಹೆಸರು ಧೂಪದ್ದಾದರೂ ಇಂದಿನ ಕಾರ್ಖಾನೆಗಳ ಸ್ಟೈರೀನ್ ಪೆಟ್ರೋಲಿಯಂನಿಂದ ಬರುತ್ತದೆ. 

ಸ್ಟೈರೀನ್ ದ್ರವ; ಕುದಿಯುವುದು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಪಾಲಿಸ್ಟೈರೀನ್, ಅಂದರೆ ಥರ್ಮಾಕೋಲ್‌ನ ಮೂಲವಸ್ತು, ಆಗುತ್ತವೆ. ಬೆಸೆಯುವಾಗ ಬಿಸಿ ಹುಟ್ಟುತ್ತದೆ, ಬಿಸಿ ಏರಿದಷ್ಟೂ ಬೆಸುಗೆ ಬಿರುಸಾಗುತ್ತದೆ. ಅದಕ್ಕೇ ಟ್ಯಾಂಕನ್ನು ತಂಪಾಗಿಟ್ಟು, ಬೆಸುಗೆ ತಡೆಯುವ ರಾಸಾಯನಿಕ ಬೆರೆಸಬೇಕು. ಕೋವಿಡ್ ಲಾಕ್‌ಡೌನಿನಲ್ಲಿ ನಿಂತಿದ್ದ ಕಾರ್ಖಾನೆಯ ಟ್ಯಾಂಕು ಒಳಗೊಳಗೇ ಕಾದು ಆವಿ ಉಗುಳಿತು. ಅದೇ ವರ್ಷದ ಜುಲೈನಲ್ಲಿ ವರದಿ ಕೊಟ್ಟ ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ಟ್ಯಾಂಕಿನ ವಿನ್ಯಾಸ ಮತ್ತು ತಂಪಾಗಿಸುವ ವ್ಯವಸ್ಥೆಯಲ್ಲಿ ಲೋಪಗಳನ್ನು ಗುರುತಿಸಿತು.

‘ಅನಿಲ ಸೋರಿಕೆ’ ಎಂದರೆ ಯಾವುದೋ ಕೊಳವೆ ಒಡೆದಂತೆ ಕೇಳಿಸುತ್ತದೆ. ‘ಸ್ಟೈರೀನ್ ಆವಿ’ ಎಂದರೆ ಟ್ಯಾಂಕು ಕಾದದ್ದೇಕೆ, ಕಾಯುವಾಗ ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆ ಏಳುತ್ತದೆ. 1984ರ ಭೋಪಾಲದ ಕಾರ್ಖಾನೆ ದುರಂತದಲ್ಲೂ ಟ್ಯಾಂಕಿನಲ್ಲಿದ್ದದ್ದು ದ್ರವವೇ; ನಾವು ಅದನ್ನು ಇಂದಿಗೂ ಅನಿಲ ದುರಂತ ಎನ್ನುತ್ತೇವೆ.

‘ಅನಿಲ’ ಎನ್ನುವುದಕ್ಕೂ ‘ಸ್ಟೈರೀನ್ ಆವಿ’ ಎನ್ನುವುದಕ್ಕೂ ಇರುವ ಈ ವ್ಯತ್ಯಾಸ ಜೀವಕ್ಕೂ ಸಂಬಂಧಿಸಿದ್ದು. ಸ್ಟೈರೀನ್ ಆವಿ ಗಾಳಿಗಿಂತ ಸುಮಾರು ಮೂರೂವರೆ ಪಟ್ಟು ಭಾರ, ನೆಲಕ್ಕಂಟಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ತಪ್ಪಿಸಿಕೊಳ್ಳುವವರು ಎತ್ತರದ ಕಡೆಗೆ, ಗಾಳಿಗೆ ಅಡ್ಡಲಾಗಿ ಹೋಗಬೇಕು. ಸುದ್ದಿ ಬರೆಯುವವರು ವಸ್ತುವಿನ ಹೆಸರು, ಅದರ ಸ್ಥಿತಿ, ಜನ ಹೋಗಬೇಕಾದ ದಿಕ್ಕು, ಈ ಮೂರನ್ನೂ ಮೊದಲ ದಿನವೇ ಬರೆಯಲಿ.