ಭುಜಸಂಧಿಯ ಅಸ್ಥಿಖಂಡವೂ ಚಿತ್ರದ ಸಾಕ್ಷ್ಯವೂ

ಪದೇ ಪದೇ ಕೀಲು ತಪ್ಪುವ ಭುಜವನ್ನು ಸ್ಥಿರಗೊಳಿಸುವ ಶಸ್ತ್ರಕ್ರಿಯೆಯೊಂದನ್ನು ಫ್ರಾನ್ಸಿನ ಮಿಷೆಲ್ ಲಾಟಾರ್ಜೆ 1954ರಲ್ಲಿ ನಿರೂಪಿಸಿದರು. ಹೆಗಲೆಲುಬಿನ ಕೊಕ್ಕಿನಂತಹ ಕೊರಕಾಯ್ಡ್ ಭಾಗವನ್ನು ಕತ್ತರಿಸಿ, ಕೀಲುಗುಳಿಯ ಮುಂದಂಚಿಗೆ ತಿರುಪಿನಿಂದ ಬಿಗಿಯುವುದೇ ಇದರ ಸಾರ. ಆ ಖಂಡವು ಗುಳಿಯ ನಡುಮಟ್ಟಕ್ಕಿಂತ ಕೆಳಗೆ, ಅಂಚಿಗೆ ಸಮನಾಗಿ ಕೂರಬೇಕು. ಹೊರಕ್ಕೆ ಚಾಚಿದರೆ ತೋಳೆಲುಬಿನ ತಲೆ ಅದಕ್ಕೆ ಉಜ್ಜಿ ಕೀಲು ಸವೆಯಬಹುದು. ತೀರ ಒಳಕ್ಕೆ ಸರಿದರೆ ಭುಜವು ಮತ್ತೆ ಜಾರಬಹುದು. ಅಂತರ ಕೆಲವೇ ಮಿಲಿಮೀಟರುಗಳದು. ರೋಗಿಗಳಾದರೋ ಬಹುಮಟ್ಟಿಗೆ ತರುಣರು; ಆ ಕೀಲು ಇನ್ನೂ ದಶಕಗಳ ಕಾಲ ದುಡಿಯಬೇಕಾಗಿದೆ.

ಈ ಸ್ಥಾನನಿರ್ಣಯದ ಕ್ರಮವು ವಿಮರ್ಶೆಗೆ ಅರ್ಹವಾಗಿದೆ. ಕ್ಷ-ಕಿರಣಚಿತ್ರವು ಘನವಸ್ತುವಿನ ಚಪ್ಪಟೆ ನೆರಳು. ದೇಹ ತುಸು ತಿರುಗಿದರೂ ಅಂಚುಗಳು ಒಂದರ ಮೇಲೊಂದು ಬೀಳುತ್ತವೆ. 1971ರಲ್ಲಿ ಮೊದಲು ರೋಗಿಯ ಮೆದುಳನ್ನು ತೋರಿಸಿದ ಸಿ.ಟಿ. ವಿಧಾನವು ಮುಂದೆ ಭುಜಕ್ಕೂ ಅನ್ವಯವಾಗಿ, ಅಡ್ಡಸೀಳುಗಳ ಮೂಲಕ ಈ ತೊಡಕನ್ನು ಬಹುಮಟ್ಟಿಗೆ ನೀಗಿಸಿತು. ಆದರೂ ಅದರ ಸಾಕ್ಷ್ಯವು ಪ್ರಶ್ನಾತೀತವಲ್ಲ. ಒಂದು ಸೀಳಿನಲ್ಲಿ ಸಮನಾಗಿ ಕಂಡ ಖಂಡವು ಮತ್ತೊಂದರಲ್ಲಿ ಹೊರಚಾಚಿರಬಹುದು. ಗುಳಿಯ ಅಂಚುಗಳನ್ನು ಸರಳರೇಖೆಯಿಂದ ಕೂಡಿಸಿ ಅಳೆದಾಗಲೂ, ಅದರ ಬಾಗಿಗೆ ಹೊಂದುವ ವೃತ್ತವನ್ನು ಎಳೆದು ಅಳೆದಾಗಲೂ ಒಂದೇ ಫಲ ಬರಬೇಕೆಂದಿಲ್ಲ. ಮೊದಲ ದಿನಗಳ ಚಿತ್ರವು ಸ್ಥಾನವನ್ನು ತೋರಿಸಿದರೆ, ತಿಂಗಳುಗಳ ಬಳಿಕ ತೆಗೆದದ್ದು ಎಲುಬು ಬೆಸೆಯಿತೇ ಕರಗಿತೇ ಎಂಬುದನ್ನೂ ತಿಳಿಸುತ್ತದೆ.

ಶಾಸನವನ್ನು ಓದುವವನು ಅದರ ಕಾಲವನ್ನೂ ಬರೆಸಿದವನನ್ನೂ ವಿಚಾರಿಸದೆ ಮುಂದುವರಿಯುವುದಿಲ್ಲ. ಇಲ್ಲಿಯೂ ಅದೇ ನ್ಯಾಯ. ಯಾವ ಸೀಳು, ಯಾವ ಅಳತೆ, ಎಂದಿನ ಚಿತ್ರ, ಓದಿದವರೆಷ್ಟು ಮಂದಿ ಎಂಬುದನ್ನು ಹೇಳದೆ ‘ಸ್ಥಾಪನೆ ಸಮರ್ಪಕ’ ಎಂದಷ್ಟೇ ಬರೆಯುವ ವರದಿ ಅಪೂರ್ಣ. ಅದೆಲ್ಲವನ್ನೂ ಹೇಳಿದ ವರದಿಯೂ ಎಲುಬಿನ ನೆಲೆಗೆ ಮಾತ್ರ ಸಾಕ್ಷಿ. ತೋಳೆತ್ತುವಾಗಿನ ಅಳುಕು ಹೋಯಿತೇ ಎಂಬುದನ್ನು ರೋಗಿಯನ್ನೇ ಕೇಳಬೇಕು.